ನುಸಿಗೂ ದಯೆ ಸಲ್ಲುವುದೆ?

ದಯೆಯನ್ನು ಕುರಿತು ಬರೆಯುವವರು ಉದಾಹರಣೆಗೆಂದು ಆರಿಸಿಕೊಳ್ಳುವ ಪ್ರಾಣಿಗಳನ್ನು ಓದುಗರು ಗಮನಿಸಿರಬಹುದು. ಹಸುವಿನ ಕರು, ಜಿಂಕೆಯ ಮರಿ, ರೆಕ್ಕೆ ಮುರಿದ ಪಾರಿವಾಳ, ಇವೇ ಮತ್ತೆ ಮತ್ತೆ ಬರುತ್ತವೆ. ಕಣ್ಣು ದೊಡ್ಡದಾಗಿದ್ದು ಮೈ ಮೆತ್ತಗಿದ್ದರೆ ನಮ್ಮ ಕರುಣೆ ಬೇಗ ಹರಿಯುತ್ತದೆ. ಹಾಗೆ ಹರಿಯುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಚೆಲುವನ್ನು ಕಂಡು ಕರಗುವುದಕ್ಕೆ ಧರ್ಮವಿಚಾರವೇನೂ ಬೇಕಾಗಿಲ್ಲ. ದಯೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಅದು ನಿಲ್ಲಬೇಕಾಗುತ್ತದೆ ಎಂದು ನಿಜವಾಗಿ ವಿಚಾರಮಾಡಬೇಕಾದರೆ ಯಾರೂ ಮುದ್ದಿಸದ ಪ್ರಾಣಿಯೊಂದನ್ನು ಎದುರಿಗೆ ಇಟ್ಟುಕೊಳ್ಳಬೇಕು. ಕೋಳಿಯ ಕೆಂಪು ನುಸಿ ಅಂಥದೊಂದು ಪ್ರಾಣಿ.

ನುಸಿ ಎಂದೊಡನೆ ಹಳೆಯ ಅಕ್ಕಿಗೆ, ಹಿಟ್ಟಿಗೆ ಹಿಡಿಯುವ ಹುಳು ನೆನಪಾಗುತ್ತದೆ. ಇದು ಅದಲ್ಲ. 1990ರ ದಶಕದ ಕೊನೆಯಿಂದ ನಮ್ಮ ತೆಂಗಿನ ತೋಟಗಳನ್ನು ಕಾಡಿತಲ್ಲ, ಆ ನುಸಿಯ ದೂರದ ದಾಯಾದಿ. ಜೇಡಕ್ಕೂ ಉಣ್ಣೆಗೂ ನಂಟು. ಹಳ್ಳಿಯವರು ಕೋಳಿಯ ಮೈಮೇಲೆ ಹರಿದಾಡುವುದನ್ನೆಲ್ಲ ಹೇನು ಎಂದೇ ಕರೆದುಬಿಡುತ್ತಾರೆ. ಅವರಿಗೆ ಬೇಕಾದಷ್ಟು ಅರ್ಥ ಅದರಲ್ಲಿ ಇದೆ. ಗಾತ್ರ ಒಂದು ಮಿಲಿಮೀಟರಿಗೂ ಕಡಮೆ. ಹಸಿದಿರುವಾಗ ಬೂದಿಯ ಬಣ್ಣ, ಕುಡಿದ ಮೇಲೆ ಕೆಂಪು. ಕಣ್ಣಿಲ್ಲ. ಹಗಲೆಲ್ಲ ಮರದ ಸಂದಿನಲ್ಲಿ, ಕಬ್ಬಿಣದ ಕೊಂಡಿಗಳ ಮರೆಯಲ್ಲಿ, ಒಣಗಿದ ಹಿಕ್ಕೆಯ ಕೆಳಗೆ ಗುಂಪುಗುಂಪಾಗಿ ಅಡಗಿರುತ್ತದೆ. ಇರುಳಾಗಿ, ಕೋಳಿಗಳು ಅಡ್ಡಗೋಲಿನ ಮೇಲೆ ಸಾಲಾಗಿ ಕುಳಿತು ನಿದ್ದೆಹೋದ ಮೇಲೆ, ಮೈಯ ಬಿಸುಪಿನ ಮತ್ತು ಉಸಿರಿನ ಜಾಡು ಹಿಡಿದು ಹೊರಡುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ರಕ್ತ ಹೀರಿ ತನ್ನ ಸಂದಿಗೆ ಮರಳುತ್ತದೆ. ಬೆಳಗಾಗಿ ಕೋಳಿಯನ್ನು ಹಿಡಿದು ನೋಡಿದರೆ ಮೈಮೇಲೆ ಏನೂ ಸಿಕ್ಕದೆ ಹೋಗಬಹುದು.

ಹಿತವಾದ ಬಿಸಿಲುಗಾಲದಲ್ಲಿ ಮೊಟ್ಟೆಯಿಂದ ಹೊರಟು ಮತ್ತೆ ಮೊಟ್ಟೆಯಿಡುವ ವಯಸ್ಸಿಗೆ ಬರಲು ಇದಕ್ಕೆ ಒಂದು ವಾರ ಸಾಕು. ಮೊದಲ ಅವಸ್ಥೆಯ ಆರು ಕಾಲಿನ ಮರಿ ಏನನ್ನೂ ತಿನ್ನುವುದಿಲ್ಲ. ಎಂಟು ಕಾಲು ಮೂಡಿದ ಮೇಲೆಯೇ ರಕ್ತದ ದಾಹ. ಹಾವಳಿ ಬಲವಾದ ಕಡೆ ಒಂದೊಂದು ಕೋಳಿಯ ಪಾಲಿಗೆ ಹತ್ತಾರು ಸಾವಿರ ನುಸಿಗಳಿರುತ್ತವೆ. ಜುಟ್ಟು ಬಿಳಿಚುತ್ತದೆ, ಮೊಟ್ಟೆ ಕಡಮೆಯಾಗುತ್ತದೆ, ಬಿಳಿಯ ಚಿಪ್ಪಿನ ಮೇಲೆ ರಕ್ತದ ಕಲೆ ಕಾಣುತ್ತದೆ. ಒಮ್ಮೊಮ್ಮೆ ರಕ್ತವಿಲ್ಲದೆ ಕೋಳಿ ಸಾಯುವುದೂ ಉಂಟು. ಇವೆಲ್ಲಕ್ಕಿಂತ ನನಗೆ ಆಶ್ಚರ್ಯವಾಗಿ ಕಂಡದ್ದು ಅದರ ತಾಳ್ಮೆ. ಕೋಳಿಗಳನ್ನೆಲ್ಲ ಸಾಗಿಸಿ ಮನೆಯನ್ನು ಬರಿದುಮಾಡಿದರೂ ತಿಂಗಳುಗಟ್ಟಲೆ, ಎಂಟು ತಿಂಗಳವರೆಗೂ ಉಪವಾಸವಿದ್ದು ಕಾಯಬಲ್ಲದು. ನಮ್ಮ ಮಠಗಳಲ್ಲಿ ಕೂಡ ಇಷ್ಟು ದೀರ್ಘವಾದ ವ್ರತ ಇರಲಾರದು.

ಇದು ಕೋಳಿ ಸಾಕುವವರ ಪಾಡು, ಪಟ್ಟಣದವರಾದ ನಮಗೇನು ಎನ್ನಬಹುದು. ಕಿಟಕಿಯ ಮೇಲೆ, ಹವಾನಿಯಂತ್ರಣದ ಪೆಟ್ಟಿಗೆಯ ಹಿಂದೆ ಪಾರಿವಾಳ ಗೂಡುಕಟ್ಟಿದ ಮನೆಯವರಿಗೆ ಈ ಕುಲದ ಪರಿಚಯ ಆಗಿಯೇ ಇರುತ್ತದೆ. ಮರಿಗಳು ಹಾರಿಹೋಗಿ ಗೂಡು ಬರಿದಾದಾಗ ನುಸಿಗಳು ಹಸಿದು ಒಳಕ್ಕೆ ಬರುತ್ತವೆ. ಮನೆಯವರು ಕಾರಣ ತಿಳಿಯದೆ ರಾತ್ರಿಯೆಲ್ಲ ಮೈ ಕೆರೆದುಕೊಂಡು, ಬೆಳಗ್ಗೆ ಚರ್ಮದ ವೈದ್ಯರಲ್ಲಿಗೆ ಹೋಗುತ್ತಾರೆ. ಆದರೆ ಈಗ ನಾನು ಹೇಳಹೊರಟದ್ದು ಯುರೋಪಿನ ಕಥೆ. ಅಲ್ಲಿ ದಯೆಯೂ ನುಸಿಯೂ ಎದುರುಬದುರಾದದ್ದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

1964ರಲ್ಲಿ ರೂತ್ ಹ್ಯಾರಿಸನ್ ಎಂಬ ಇಂಗ್ಲಿಷ್ ಮಹಿಳೆ ‘ಅನಿಮಲ್ ಮಷೀನ್ಸ್’ ಎಂಬ ಪುಸ್ತಕವನ್ನು ಬರೆದರು. ಕೋಳಿ, ಕರು, ಹಂದಿಗಳನ್ನು ಕಾರ್ಖಾನೆಯ ಯಂತ್ರಗಳಂತೆ ನಡೆಸಿಕೊಳ್ಳುವ ಹೊಸ ಪದ್ಧತಿಯನ್ನು ಅದು ಜನರ ಕಣ್ಣಿಗೆ ಹಿಡಿಯಿತು. ಬ್ರಿಟಿಷ್ ಸರ್ಕಾರ ಬ್ರಾಂಬೆಲ್ ಎಂಬ ಪ್ರಾಣಿಶಾಸ್ತ್ರಜ್ಞರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. 1965ರ ಅದರ ವರದಿ ಕೇಳಿದ್ದು ಬಹಳ ಸಣ್ಣ ವರಗಳನ್ನು: ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ತಿಕ್ಕಿಕೊಳ್ಳಲು, ಕೈಕಾಲು ಚಾಚಲು ಎಡೆಯಿರಬೇಕು. ಇಷ್ಟನ್ನು ಒಂದು ಸಮಿತಿ ಕೇಳಬೇಕಾಯಿತೆಂದರೆ ಇದ್ದ ಸ್ಥಿತಿ ಎಂಥದೆಂದು ಊಹಿಸಿಕೊಳ್ಳಬಹುದು. ಮುಂದೆ ಮೂರೂವರೆ ದಶಕಗಳಾದ ಮೇಲೆ, 1999ರಲ್ಲಿ, ಯುರೋಪಿನ ಒಕ್ಕೂಟ ಹಳೆಯ ಬಗೆಯ ತಂತಿಯ ಗೂಡುಗಳನ್ನು ನಿಲ್ಲಿಸಬೇಕೆಂದು ನಿರ್ದೇಶ ಹೊರಡಿಸಿತು. 2012ರ ಜನವರಿ 1ರಿಂದ ಅವು ನಿಷಿದ್ಧವಾದುವು. ಕೊನೆಯ ವರ್ಷಗಳಲ್ಲಿ ಆ ಗೂಡುಗಳಲ್ಲಿ ಒಂದು ಕೋಳಿಗೆ ಸಲ್ಲಬೇಕಾಗಿದ್ದ ಜಾಗ 550 ಚದರ ಸೆಂಟಿಮೀಟರು. ನಾವು ಅರ್ಜಿ ಬರೆಯುವ ಏ-ನಾಲ್ಕು ಕಾಗದದ ಹಾಳೆ ಇದಕ್ಕಿಂತ ದೊಡ್ಡದು. ಹೊಸ ಮನೆಗಳಲ್ಲಿ ಮೊಟ್ಟೆಯಿಡಲು ಮರೆ, ಕೂರಲು ಅಡ್ಡಗೋಲು, ಕೆದಕಲು ಹೊಟ್ಟು ಇವೆಲ್ಲ ಬಂದುವು. ಕೆಲವು ಕಡೆ ಗೂಡೇ ಹೋಗಿ, ಅಂತಸ್ತು ಅಂತಸ್ತಾಗಿ ಕಟ್ಟಿದ ದೊಡ್ಡ ಕೊಟ್ಟಿಗೆಗಳಲ್ಲಿ ಕೋಳಿಗಳು ಓಡಾಡತೊಡಗಿದುವು.

ನುಸಿಗೆ ಬೇಕಾದದ್ದೂ ಇದೇ. ತಂತಿಯ ಗೂಡಿನಲ್ಲಿ ನುಸಿ ಇರಲಿಲ್ಲವೆಂದಲ್ಲ. ಅಲ್ಲಿ ಕೂಡ ಧಾರಾಳವಾಗಿ ಇತ್ತು. ಆದರೆ ಅಡ್ಡಗೋಲು, ಗೂಡಿನ ಮರೆ, ಹಲಗೆಯ ಅಂತಸ್ತು ಒಂದೊಂದೂ ಹೊಸ ಸಂದುಗೊಂದುಗಳನ್ನು ತಂದಿತು; ಮದ್ದು ಸಿಂಪಡಿಸುವವನ ಕೈ ತಲಪದ ಮೂಲೆಗಳು ಹೆಚ್ಚಿದುವು. ಕೋಳಿಯ ಸುಖಕ್ಕೆಂದು ಇಟ್ಟ ಪ್ರತಿಯೊಂದು ವಸ್ತುವೂ ಕೋಳಿಯ ರಕ್ತ ಹೀರುವವನಿಗೆ ಮನೆಯಾಯಿತು. ಹಳೆಯ ಮದ್ದುಗಳಿಗೆ ನುಸಿ ಒಗ್ಗಿಕೊಂಡಿತ್ತು, ಕೆಲವು ಮದ್ದುಗಳನ್ನು ಕಾನೂನು ಹಿಂದಕ್ಕೆ ತೆಗೆದುಕೊಂಡಿತ್ತು. ಕೋಳಿ ಸಾಕುವವನು ದಿಕ್ಕುಗಾಣದೆ ಇದ್ದ.

ಅಂಥ ಹೊತ್ತಿನಲ್ಲಿ ನೆದರ್ಲೆಂಡಿನಲ್ಲಿ ಕೋಳಿಮನೆಗಳನ್ನು ಶುದ್ಧಿಮಾಡಿಕೊಡುವ ಒಂದು ಸಂಸ್ಥೆ ನೀಲಗಿರಿ ಎಣ್ಣೆ, ಪುದೀನದ ಸತ್ವಗಳಿಂದ ಮಾಡಿದ್ದೆಂದು ಹೆಸರಾದ ಔಷಧವನ್ನು ಹಿಡಿದುಕೊಂಡು ಬಂತು. ನುಸಿಗಳು ಸತ್ತುವು, ಎಲ್ಲರಿಗೂ ಸಂತೋಷವಾಯಿತು. 2017ರ ಬೇಸಗೆಯಲ್ಲಿ ತಿಳಿದುಬಂದದ್ದೇನೆಂದರೆ ಅದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕವನ್ನು ಬೆರಸಿದ್ದರು. ನಾಯಿ ಬೆಕ್ಕುಗಳ ಚಿಗಟಕ್ಕೆ ಹಾಕುವ ಮದ್ದು ಅದು. ಆಹಾರ ಕೊಡುವ ಪ್ರಾಣಿಗಳ ಮೇಲೆ ಬಳಸುವುದು ಯುರೋಪಿನಲ್ಲಿ ನಿಷಿದ್ಧ. ವಿಷ ಕೋಳಿಯ ಮೈಗೆ ಇಳಿದು ಮೊಟ್ಟೆಗೆ ಬಂದಿತ್ತು. ಅಂಗಡಿಗಳಿಂದ ಮೊಟ್ಟೆಗಳನ್ನು ಹಿಂದಕ್ಕೆ ತರಿಸಿದರು, ಕೋಟಿಯ ಲೆಕ್ಕದಲ್ಲಿ ನಾಶಮಾಡಿದರು. ಸುದ್ದಿ ಹತ್ತಾರು ದೇಶಗಳಿಗೆ ಹರಡಿತು. ನೂರಕ್ಕೂ ಹೆಚ್ಚು ಸಾಕಣೆಯ ಮನೆಗಳು ಬಾಗಿಲು ಮುಚ್ಚಿದುವು. ಮೈಯಿಂದ ವಿಷ ಇಳಿಯುವವರೆಗೆ ಮೇವು ಹಾಕಿ ಕಾಯುವುದು ದುಬಾರಿಯೆಂದು ಲಕ್ಷಗಟ್ಟಲೆ ಕೋಳಿಗಳನ್ನು ಕೊಂದರು.

ಸರಪಣಿಯನ್ನು ಹಿಂದುಮುಂದಾಗಿ ಒಮ್ಮೆ ನೋಡಬೇಕು. ಕೋಳಿಗಳ ಮೇಲಿನ ಕರುಣೆಯಿಂದ ಗೂಡು ಹೋಯಿತು. ಗೂಡು ಹೋದದ್ದರಿಂದ ನುಸಿಗೆ ಎಡೆ ಹೆಚ್ಚಿತು. ನುಸಿಯಿಂದ ವಿಷ ಬಂತು. ವಿಷದಿಂದ ಕೋಳಿಗಳು ಸತ್ತುವು. ಇದನ್ನು ಓದಿದ ಕೂಡಲೇ ಒಂದು ಬಗೆಯ ಜನಕ್ಕೆ ಹುಮ್ಮಸ್ಸು ಬರುತ್ತದೆ. “ನೋಡಿದಿರಾ, ಹಳೆಯ ಗೂಡೇ ಮೇಲಾಗಿತ್ತು; ಮೆತ್ತನೆಯ ಮನಸ್ಸಿನವರ ಕೈಗೆ ಕೆಲಸ ಕೊಟ್ಟರೆ ಹೀಗೇ ಆಗುವುದು” ಎನ್ನುತ್ತಾರೆ. ಈ ಮಾತನ್ನು ಕೋಳಿಯ ವಿಷಯದಲ್ಲಿ ಮಾತ್ರವೇ ಆಡುವುದಿಲ್ಲ. ಜೀತ ಬಿಡಿಸಿದಾಗಲೂ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದಾಗಲೂ ಆಡಿದವರಿದ್ದರು. ಬಿಡುಗಡೆಯಾದ ಮೇಲೆ ಹೊಸ ತೊಡಕು ಬಂದಿತೆಂಬುದು ಸೆರೆಯೇ ಸರಿಯೆಂಬುದಕ್ಕೆ ಪ್ರಮಾಣವಾಗಲಾರದು. ಬಂದ ತೊಡಕನ್ನು ಹೊರಬೇಕಾದವರು ಯಾರೆಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತುತ್ತದೆ. ಆ ಪ್ರಶ್ನೆಯನ್ನು ಕೇಳದೆ ಬರಿಯ ದಯೆಯಿಂದ ತೃಪ್ತರಾಗುವವರನ್ನು ನಾನು ಸಮರ್ಥಿಸಲು ಸಿದ್ಧನಿಲ್ಲ.

ಕನ್ನಡ ಓದಿದವರಿಗೆ ಇಲ್ಲಿ ಇನ್ನೊಂದು ಕೋಳಿ ನೆನಪಾಗದೆ ಇರದು. ಜನ್ನನ ‘ಯಶೋಧರಚರಿತೆ’ ಹುಟ್ಟಿದ್ದು 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ. ಕೆಟ್ಟ ಕನಸಿನ ಶಾಂತಿಗೆಂದು ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಮಾಡುತ್ತಾಳೆ. ಮಗ ಯಶೋಧರನಿಗೆ ಕೊಲ್ಲಲು ಮನಸ್ಸಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿಗೆ ಬರುತ್ತಾರೆ: ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ದೇವಿಗೆ ಒಪ್ಪಿಸುವುದು. ಒಂದು ತೊಟ್ಟು ರಕ್ತವೂ ಸುರಿಯುವುದಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಕ್ಕಳು ನವಿಲು ನಾಯಿಗಳಾಗಿ ತೊಡಗಿ ಜನ್ಮಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿ, ಯಶೋಧರನ ಮಗನೇ ಬಿಟ್ಟ ಬಾಣಕ್ಕೆ ಸಿಕ್ಕಿ ಸಾಯುತ್ತಾರೆ. ತರಗತಿಯಲ್ಲಿ ಈ ಕಾವ್ಯವನ್ನು ಪಾಠಮಾಡುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ಹಿಟ್ಟಿನ ಕೋಳಿಗೆ ಇಷ್ಟು ದಂಡವೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಜನ್ನ ಹಿಡಿದ ಎಳೆ ಗಟ್ಟಿಯಾದದ್ದು. ಸತ್ತದ್ದು ಏನು ಎನ್ನುವುದಕ್ಕಿಂತ ಕೊಲ್ಲುವವನ ಮನಸ್ಸು ಎಲ್ಲಿತ್ತು ಎಂಬುದನ್ನು ಅವನು ತೂಗುತ್ತಾನೆ.

ಯುರೋಪಿನ ಕಥೆಯನ್ನು ಈ ತಕ್ಕಡಿಯಲ್ಲಿಟ್ಟರೆ ತಕ್ಕಡಿಯೇ ಗಲಿಬಿಲಿಗೊಳ್ಳುತ್ತದೆ. ಯಶೋಧರನಲ್ಲಿ ಸಂಕಲ್ಪವಿತ್ತು, ಸಾವು ಇರಲಿಲ್ಲ. ಇಲ್ಲಿ ಲಕ್ಷಗಟ್ಟಲೆ ಸಾವು ಇದೆ, ಸಂಕಲ್ಪ ಯಾರಲ್ಲಿಯೂ ಕಾಣುವುದಿಲ್ಲ. ಮೊಟ್ಟೆ ಕೊಂಡ ಗೃಹಿಣಿ ಯಾರನ್ನೂ ಕೊಲ್ಲಲು ಬಯಸಿದವಳಲ್ಲ. ಕಾನೂನು ಮಾಡಿದವನು ಒಳ್ಳೆಯದನ್ನೇ ಬಯಸಿದ. ಸಾಕುವವನು ತನ್ನ ಕೋಳಿಗಳ ಉರಿ ಆರಲೆಂದು ಮದ್ದು ಹೊಡೆಸಿದ. ವಿಷ ಬೆರಸಿದವನೊಬ್ಬನನ್ನು ಬಿಟ್ಟರೆ ಉಳಿದವರ ಮನಸ್ಸಿನಲ್ಲಿ ಹುಡುಕಿದರೂ ಹಿಂಸೆ ಸಿಕ್ಕುವುದಿಲ್ಲ. ಸಂಕಲ್ಪವನ್ನು ಚೂರುಚೂರಾಗಿ ಹಂಚಿಕೊಂಡು ಯಾರ ಪಾಲಿಗೂ ಕಾಣುವಷ್ಟು ಬಾರದಂತೆ ಮಾಡಿಕೊಂಡಿದ್ದೇವೆ. ಈ ಬಗೆಯ ಪಾಪಕ್ಕೆ ಜನ್ನ ಯಾವ ಜನ್ಮಾಂತರವನ್ನು ಕಟ್ಟುತ್ತಿದ್ದನೋ ಹೇಳುವುದು ಕಷ್ಟ.

ಈಗ ನುಸಿಯ ವಿಷಯಕ್ಕೆ ಬರೋಣ; ಇದುವರೆಗೆ ಅದರ ಪರವಾಗಿ ಯಾರೂ ಮಾತನಾಡಿಲ್ಲ. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನ ಹೊರತು ಬೇರೆ ಯಾವುದೇ ಜೀವಿ ಎಂದು ಅರ್ಥ ಹೇಳಿದೆ. ಅಕ್ಷರಶಃ ಓದಿದರೆ ನುಸಿಯೂ ಅದರೊಳಗೆ ಬಂತು. ನುಸಿಯ ಪರವಾಗಿ ದಾವೆ ಹೂಡಿದ ವಕೀಲರು ಇನ್ನೂ ಹುಟ್ಟಿಲ್ಲವೆಂದು ಕಾಣುತ್ತದೆ. ಆದರೆ ಇಂಥ ಜೀವಿಗಳ ಪರ ನಿಂತವರು ಇಲ್ಲವೇ ಇಲ್ಲವೆನ್ನುವಂತಿಲ್ಲ. 1689ರಲ್ಲಿ ಸೂರತ್ತಿಗೆ ಬಂದಿದ್ದ ಓವಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ಪ್ರವಾಸಕಥನದಲ್ಲಿ, ಅಲ್ಲಿ ತಿಗಣೆ ಚಿಗಟಗಳಿಗೂ ಆಶ್ರಯವಿತ್ತೆಂದೂ, ಅವುಗಳಿಗೆ ಆಹಾರವಾಗಲೆಂದು ಬಡವನೊಬ್ಬನನ್ನು ಕೂಲಿ ಕೊಟ್ಟು ಒಂದು ರಾತ್ರಿ ಮಲಗಿಸುತ್ತಿದ್ದರೆಂದೂ ಬರೆದಿದ್ದಾನೆ. ಪರದೇಶದವನು ನಗೆಗೆಂದು ಬರೆದ ಮಾತಿನಲ್ಲಿ ಬಣ್ಣ ಎಷ್ಟು, ನಿಜ ಎಷ್ಟು ಎಂಬುದು ಬೇರೆ ಮಾತು. ನಾನು ನೋಡುವುದು ಆ ಕೂಲಿಯವನ ಕಡೆ. ಶಿಬಿ ಚಕ್ರವರ್ತಿ ಪಾರಿವಾಳವನ್ನು ಕಾಯಲು ಗಿಡುಗನಿಗೆ ತನ್ನ ಮೈಯ ಮಾಂಸವನ್ನೇ ಕೊಯ್ದು ಕೊಟ್ಟ. ಗಿಡುಗನ ಹಸಿವೂ ನಿಜವೆಂದು ಅವನು ಒಪ್ಪಿದ. ಒಪ್ಪಿದ್ದಕ್ಕೆ ಬೆಲೆಯನ್ನು ತಾನೇ ತೆತ್ತ. ಸೂರತ್ತಿನ ಶೇಠರು, ಆ ಕಥೆ ನಿಜವಾದರೆ, ಬಡವನ ಮೈಯಿಂದ ತೆರಿಸಿದರು. ಕೋಳಿಮನೆಯಲ್ಲಿ ನುಸಿಯನ್ನು ಕೊಲ್ಲಬಾರದೆನ್ನುವವನು ಕೋಳಿಯ ಮೈಯಿಂದ ತೆರಿಸುತ್ತಾನೆ. ತಾನು ಕೂಡ ಆ ಅಡ್ಡಗೋಲಿನ ಮೇಲೆ ಒಂದು ರಾತ್ರಿ ಕೂರಲು ಸಿದ್ಧನಿದ್ದರೆ ಅವನ ಮಾತಿಗೆ ತೂಕ ಬಂದೀತು.

ಆದುದರಿಂದ ನುಸಿಯನ್ನು ಕೊಲ್ಲಬೇಕೆ ಎಂಬ ಪ್ರಶ್ನೆಗೆ ಕೊಲ್ಲಬಹುದು, ಕೊಲ್ಲಬೇಕಾಗುತ್ತದೆ ಎಂಬುದೇ ನನ್ನ ಉತ್ತರ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಿಂದ ವಿಂಗಡಿಸಿದರು. ಹೇನು, ತಿಗಣೆ, ಇರುವೆಗಳನ್ನು ಸ್ಪರ್ಶ, ರುಚಿ, ವಾಸನೆ ಮಾತ್ರವಿರುವ ಮೂರಿಂದ್ರಿಯದ ಜೀವಿಗಳ ಸಾಲಿಗೆ ಸೇರಿಸಿದರು. ಕಣ್ಣಿಲ್ಲದ ನಮ್ಮ ನುಸಿಗೆ ಆ ಸಾಲು ಚೆನ್ನಾಗಿ ಒಪ್ಪುತ್ತದೆ. ಕೋಳಿ ಐದಿಂದ್ರಿಯದ್ದು. ಇಂಗ್ಲೆಂಡಿನ ಬೆಂಥಮ್ 1789ರ ತನ್ನ ಗ್ರಂಥದಲ್ಲಿ ಪ್ರಾಣಿಗಳ ಬುದ್ಧಿಯನ್ನೋ ಮಾತನ್ನೋ ನೋಡದೆ ಅವು ನೋಯಬಲ್ಲವೆ ಎಂಬುದನ್ನೇ ನೋಡಬೇಕೆಂದ. ದಾರಿ ಬೇರೆಯಾದರೂ ಇಬ್ಬರೂ ಎಲ್ಲ ಜೀವವೂ ಒಂದೇ ತೂಕವೆನ್ನುವ ಅನುಕೂಲದ ಮಾತಿಗೆ ಇಳಿಯಲಿಲ್ಲ. ಅನುಕೂಲದ ಮಾತು ಎಂದೆ. ಏಕೆಂದರೆ ಎಲ್ಲವೂ ಸಮ ಎಂದುಬಿಟ್ಟರೆ ಯಾವುದಕ್ಕೂ ಏನನ್ನೂ ಮಾಡಬೇಕಾಗಿಲ್ಲ.

ಜೈನ ಶ್ರಾವಕಾಚಾರದಲ್ಲಿ ಇನ್ನೊಂದು ವಿಂಗಡಣೆಯೂ ಉಂಟು. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ; ಅಡುಗೆ, ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭೀ; ಬೇಸಾಯ ಮುಂತಾದ ಕಸುಬಿನಲ್ಲಿ ಆಗುವುದು ಉದ್ಯೋಗೀ; ಮೇಲೆ ಬಿದ್ದವರನ್ನು ತಡೆಯುವುದರಲ್ಲಿ ಆಗುವುದು ವಿರೋಧೀ. ಗೃಹಸ್ಥ ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು, ಉಳಿದವುಗಳಲ್ಲಿ ಎಚ್ಚರವಾಗಿರಬೇಕು. ನೇಗಿಲು ಹೂಡುವವನೂ ಎಷ್ಟೋ ಜೀವಗಳನ್ನು ಕೊಲ್ಲುತ್ತಾನೆಂದು ಮಹಾಭಾರತದ ಧರ್ಮವ್ಯಾಧ ಕೌಶಿಕನಿಗೆ ತಿಳಿಹೇಳಿದ್ದೂ ಇದೇ ವಿವೇಕ. ನುಸಿಯನ್ನು ಕೊಲ್ಲುವುದು ವಿರೋಧೀ ಹಿಂಸೆ ಎಂದುಕೊಂಡರೆ ಒಂದು ಸೂಕ್ಷ್ಮ ಎದುರಾಗುತ್ತದೆ. ನುಸಿ ಬಿದ್ದಿರುವುದು ಕೋಳಿಯ ಮೇಲೆ. ವಿರೋಧದ ಹಕ್ಕೂ ಕೋಳಿಯದೇ. ಅದು ಏಕೆ ವಿರೋಧಿಸುವುದಿಲ್ಲ?

ವಿರೋಧಿಸುತ್ತದೆ, ನಾವು ಬಿಟ್ಟರೆ. ಹಳ್ಳಿಯ ಹಿತ್ತಿಲಲ್ಲಿ ಬೂದಿಯ ಗುಡ್ಡೆಯನ್ನೋ ಒಣಮಣ್ಣನ್ನೋ ಕೆದಕಿ, ರೆಕ್ಕೆ ಬಿಚ್ಚಿ ಹೊರಳಾಡುವ ಕೋಳಿಯನ್ನು ನೋಡದವರಾರು? ಅದು ಆಟದಂತೆ ಕಂಡರೂ ಸ್ನಾನ. ಪುಡಿ ಗರಿಗಳ ಬುಡಕ್ಕೆ ಹೋಗಿ ಹೇನು ನುಸಿಗಳನ್ನು ಕೆಡಿಸುತ್ತದೆ. ಉಳಿದದ್ದನ್ನು ಕೊಕ್ಕು ಹೆಕ್ಕುತ್ತದೆ. ಹಗಲೂ ಇರುಳೂ ಮೈಮೇಲೆಯೇ ವಾಸಮಾಡುವ ಇನ್ನೊಂದು ಜಾತಿಯ ನುಸಿಯ ವಿಷಯದಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಮಾಡಿ ನೋಡಿದ್ದಾರೆ: ಕೊಕ್ಕು ಇಡಿಯಾಗಿರುವ ಕೋಳಿ ಅವುಗಳನ್ನು ಬಹುಮಟ್ಟಿಗೆ ಹತೋಟಿಯಲ್ಲಿಟ್ಟುಕೊಳ್ಳುತ್ತದೆ, ಕೊಕ್ಕು ಕತ್ತರಿಸಿದ ಕೋಳಿಗೆ ಅದು ಆಗುವುದಿಲ್ಲ. ದೊಡ್ಡ ಸಾಕಣೆಗಳಲ್ಲಿ, ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಿ ಕೊಲ್ಲುತ್ತವೆಂದು, ಮರಿಯಾಗಿರುವಾಗಲೇ ಕೊಕ್ಕಿನ ತುದಿಯನ್ನು ತೆಗೆಯುವ ರೂಢಿ ಇದೆ. ಮೊದಲು ಇಕ್ಕಟ್ಟು ಮಾಡಿದೆವು. ಇಕ್ಕಟ್ಟಿಗಾಗಿ ಕೊಕ್ಕು ತೆಗೆದೆವು. ಮಣ್ಣಿನ ಮೇಲಿಂದ ಎತ್ತಿ ತಂತಿಯ ಮೇಲೆ ನಿಲ್ಲಿಸಿದೆವು. ಆಮೇಲೆ ಅದರ ಪರವಾಗಿ ನುಸಿಯೊಡನೆ ಯುದ್ಧಕ್ಕೆ ಹೊರಟೆವು. ಆಯುಧವನ್ನು ಕಸಿದುಕೊಂಡವನೇ ರಕ್ಷಕನ ವೇಷ ಹಾಕಿಕೊಂಡಂತಾಯಿತು. ಕೆಂಪು ನುಸಿ ಇರುಳಿನ ಕಳ್ಳನಾದ್ದರಿಂದ ಕೊಕ್ಕೊಂದರಿಂದಲೇ ಎಲ್ಲ ಆಗುವುದಿಲ್ಲ, ನಿಜ. ಆದರೆ ಮರದ ಮೇಲಿನ ಒಂದು ಗೂಡಿನಲ್ಲಿ ಅದಕ್ಕೆ ಸಿಕ್ಕುವುದು ನಾಲ್ಕಾರು ವಾರಗಳ ಸುಗ್ಗಿ. ಮರಿಗಳು ಹಾರಿದುವೆಂದರೆ ಬರಗಾಲ. ಹತ್ತಾರು ಸಾವಿರ ಹಕ್ಕಿಗಳು ವರ್ಷವಿಡೀ ಒಂದೇ ಸೂರಿನಡಿ ಮಲಗುವ ಮನೆಯನ್ನು ಕಟ್ಟಿಕೊಟ್ಟವರು ನಾವು. ಈ ಲಕ್ಷೋಪಲಕ್ಷ ನುಸಿಗಳು ಪ್ರಕೃತಿಯ ಸಂತಾನವಾದಷ್ಟೇ ನಮ್ಮ ಸಂತಾನವೂ ಹೌದು. ಹುಟ್ಟಿಸಿ ಕೊಲ್ಲುವುದಕ್ಕಿಂತ ಹುಟ್ಟದಂತೆ ಎಡೆಗೊಡದಿರುವುದು ನುಸಿಗೂ ಒಳ್ಳೆಯದೆಂದರೆ ಓದುಗರು ನಗಬಾರದು.

ಮೊಟ್ಟೆಯನ್ನು ಮುಟ್ಟದವರು ಈ ಲೆಕ್ಕದಿಂದ ತಾವು ಹೊರಗೆಂದು ತಿಳಿಯುವುದುಂಟು. ಬೇಕರಿಯ ಕೇಕಿನ ಮಾತಿರಲಿ. ಇನ್‌ಫ್ಲುಯೆಂಜಾ ಜ್ವರಕ್ಕೆ ಹಾಕಿಸಿಕೊಳ್ಳುವ ಲಸಿಕೆಯ ಬಹುಪಾಲು ಇಂದಿಗೂ ಕೋಳಿಮೊಟ್ಟೆಯೊಳಗೆ ಬೆಳೆದು ಬರುತ್ತದೆ.

ಫಿಪ್ರೊನಿಲ್ ಗಲಾಟೆಯಾದ 2017ರಲ್ಲೇ ಯುರೋಪಿನಲ್ಲಿ ಹೊಸದೊಂದು ಮದ್ದಿಗೆ ಅನುಮತಿ ದೊರೆಯಿತು. ಅದನ್ನು ಸಿಂಪಡಿಸಬೇಕಾಗಿಲ್ಲ; ಕುಡಿಯುವ ನೀರಿನಲ್ಲಿ ಬೆರಸಿ, ಒಂದು ವಾರದ ಅಂತರದಲ್ಲಿ ಎರಡು ಸಲ ಕೋಳಿಗೆ ಕುಡಿಸಿದರಾಯಿತು. ರಕ್ತವೇ ನುಸಿಗೆ ಮೃತ್ಯುವಾಗುತ್ತದೆ. ಮೊಟ್ಟೆಗೆ ತಡೆಯಿಲ್ಲ, ಆ ದಿನವೇ ಮಾರಬಹುದು. ಇದು ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಲ್ಲುವುದು ಇನ್ನಷ್ಟು ಕಣ್ಮರೆಯಾಯಿತು. ಸಾಕುವವನು ಒಂದು ಸಂದನ್ನೂ ಬಗ್ಗಿ ನೋಡಬೇಕಾಗಿಲ್ಲ. ಇನ್ನು ಕೆಲವರು ನುಸಿಯನ್ನು ತಿನ್ನುವ ಬೇರೆ ನುಸಿಗಳನ್ನು ತಂದು ಕೋಳಿಮನೆಗಳಲ್ಲಿ ಬಿಡುತ್ತಾರೆ. ಮತ್ತೆ ಕೆಲವರು ಅಡ್ಡಗೋಲುಗಳಿಗೆ ನುಣುಪಾದ ಮಣ್ಣಿನ ಪುಡಿ ಬಳಿಯುತ್ತಾರೆ, ಅದು ನುಸಿಯ ಮೈಯ ನೀರನ್ನು ಹೀರುತ್ತದೆ. ಈ ಎರಡು ಕೆಲಸಗಳಿಗೂ ದಿನದಿನವೂ ನೋಡುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಆ ಸಂಬಳ ಮೊಟ್ಟೆಯ ಬೆಲೆಗೆ ಸೇರಬೇಕು.

ಯುರೋಪಿನ ಅಂಗಡಿಗಳಲ್ಲಿ ಮಾರುವ ಮೊಟ್ಟೆಯ ಚಿಪ್ಪಿನ ಮೇಲೆ ಒಂದು ಅಂಕಿಯನ್ನು ಒತ್ತಿರುತ್ತಾರೆ. 3 ಎಂದರೆ ಗೂಡಿನ ಕೋಳಿ, 2 ಎಂದರೆ ಕೊಟ್ಟಿಗೆಯದು, 1 ಹೊರಗೆ ಬಿಟ್ಟದ್ದು, ಸೊನ್ನೆ ಸಾವಯವ. ಕೋಳಿ ಹಗಲನ್ನು ಎಲ್ಲಿ ಕಳೆಯಿತೆಂಬುದು ಅದರಿಂದ ಕೊಳ್ಳುವವರಿಗೆ ತಿಳಿಯುತ್ತದೆ. ಇರುಳಿನಲ್ಲಿ ಅದರ ಅಡ್ಡಗೋಲಿನ ಸಂದುಗಳನ್ನು ಯಾರಾದರೂ ದೀಪ ಹಿಡಿದು ನೋಡಿದರೆ ಎಂಬುದಕ್ಕೆ ಅಂಕಿ ಇನ್ನೂ ಇಲ್ಲ.